ಆಟೋಪೈಲಟ್ ಹೇಳಿದ ಮಾತು ಕೇಳ್ತಿಲ್ವಾ? ಸೆಸ್ನಾ 172ನಲ್ಲಿ ಲಕ್ಷಣ ನೋಡಿ ತೊಂದ್ರೆ ಹುಡುಕೋ ಬಗೆ

ಸ್ಟೂಡೆಂಟ್ಸ್ ಫ್ಲೈಟ್ ಮುಗಿಸಿ ಇಳಿದು ಬಂದು "ಸರ್, ಆಟೋಪೈಲಟ್ ಸರಿ ಇಲ್ಲ, ದಾರಿ ಬಿಟ್ಟು ಹೋಯ್ತು" ಅಂದಾಗ ನಾನು ಕೇಳೋದು ಒಂದೇ ಪ್ರಶ್ನೆ, ಆಗ ಸ್ಕ್ರೀನ್ ಮೇಲೆ ಯಾವ ಮೋಡ್ (ಆಟೋಪೈಲಟ್ ಆಗ ಮಾಡ್ತಿರೋ ಕೆಲಸದ ಹೆಸರು) ಬರ್ದಿತ್ತು? ಬಹಳ ಸಲ ಉತ್ತರ ಇರಲ್ಲ, "ನ್ಯಾವ್ ಒತ್ತಿದ್ದೆ ಸರ್" ಅಂತಾರೆ. ನ್ಯಾವ್ ಅಂದ್ರೆ ಹಾಕಿಟ್ಟ ದಾರೀಲೇ ಹೋಗು ಅನ್ನೋ ಬಟನ್. ಒತ್ತಿದ್ದು ನಿಮ್ಮ ಕೈ, ಅದನ್ನ ಮಿಷನ್ ತಗೊಂತಾ, ಇಲ್ವಾ ಅನ್ನೋದು ಬೇರೆ ವಿಷ್ಯ. ಸಣ್ಣ ವಿಮಾನದಲ್ಲಿ ಆಟೋಪೈಲಟ್ ಕೆಟ್ಟಿದೆ ಅಂತ ನನ್ನ ಹತ್ರ ಬಂದ ದೂರುಗಳಲ್ಲಿ ಹೆಚ್ಚಿನವು ಈ ಎರಡರ ಮಧ್ಯದಲ್ಲೇ ಹುಟ್ಟಿದ್ದು. ಆದ್ರೆ ಉಳಿದ ಸ್ವಲ್ಪ ಇದ್ಯಲ್ಲ, ಅದು ನಿಜವಾದ ದೋಷ, ಅದ್ರಲ್ಲಿ ಒಂದೆರಡು ಪ್ರಾಣಕ್ಕೇ ಬರುವಂಥವು, ಅದಕ್ಕೇ ಕೂತು ಬರೀತಿದೀನಿ.

ಇಲ್ಲಿ ಹೇಳೋದೆಲ್ಲ ಸೆಸ್ನಾ 172ನ ಮನಸ್ಸಲ್ಲಿಟ್ಕೊಂಡು, ಯಾಕಂದ್ರೆ ಟ್ರೇನಿಂಗ್‌ನಲ್ಲಿ ಜಾಸ್ತಿ ಜನ ಹಾರಿಸೋದು ಅದನ್ನೇ. ಅದ್ರಲ್ಲಿ ಹೆಚ್ಚಾಗಿ ಎರಡು ಥರದ ಆಟೋಪೈಲಟ್ ಸಿಗುತ್ತೆ, ಹಳೇ ಪ್ಯಾನಲ್ ಇದ್ರೆ ಬೆಂಡಿಕ್ಸ್ ಕಿಂಗ್ ಕೆಎಪಿ 140, ಗಾರ್ಮಿನ್ ಜಿ1000 ಸ್ಕ್ರೀನ್ ಇರೋ ಹೊಸದ್ರಲ್ಲಿ ಜಿಎಫ್‌ಸಿ 700. ಎರಡೂ ಯೋಚ್ನೆ ಮಾಡೋ ರೀತಿ ಬೇರೆ ಬೇರೆ. ನಿಮ್ಮ ವಿಮಾನದ ಪಿಓಎಚ್‌ನಲ್ಲಿ, ಅಂದ್ರೆ ಪೈಲಟ್ ಕೈಪಿಡೀಲಿ, ಆಟೋಪೈಲಟ್ ಬಗ್ಗೆ ಬರೆದಿರುತ್ತೆ, ಕಡಿಮೆ ಅಂದ್ರೆ ಎಷ್ಟು ಎತ್ತರದಲ್ಲಿ, ಎಷ್ಟು ಸ್ಪೀಡ್‌ನಲ್ಲಿ ಬಳಸ್ಬಹುದು ಅನ್ನೋ ನಂಬರ್‌ಗಳಿಗೆ ಅದೇ ಕೊನೇ ಮಾತು, ನಾನಲ್ಲ.

ಗಾಳೀಲಿದ್ದಾಗ ಏನಾದ್ರೂ ವಿಚಿತ್ರ ಅನ್ಸಿದ್ರೆ

ಮೊದ್ಲು ಆಫ್ ಮಾಡಿ. ಯೋಕ್ (ಕೈಯಲ್ಲಿ ಹಿಡಿಯೋ ಸ್ಟೀರಿಂಗ್) ಮೇಲಿರೋ ಕೆಂಪು ಬಟನ್ ಒತ್ತಿ, ಕೈಯಲ್ಲಿ ಹಾರಿಸಿ, ರೆಕ್ಕೆ ಲೆವೆಲ್ ಮಾಡಿ, ಪವರ್ ನೋಡಿ, ಟ್ರಿಮ್ ಮಾಡಿ, ಅಂದ್ರೆ ಯೋಕ್ ಮೇಲಿನ ಭಾರ ಇಳಿಸೋ ವ್ಹೀಲ್ ತಿರುಗಿಸಿ. ಯಾಕೆ ಹಿಂಗಾಯ್ತು ಅನ್ನೋ ತನಿಖೆ ಇದಾದ್ಮೇಲೆ, ಸಾಧ್ಯ ಆದ್ರೆ ನೆಲದ ಮೇಲೆ. ನಾನು ನೋಡಿರೋ ತಪ್ಪು ಅಂದ್ರೆ ವಿಮಾನ ಒಂದ್ಕಡೆ ವಾಲ್ತಾ ಇರುತ್ತೆ, ಪೈಲಟ್ ತಲೆ ತಗ್ಗಿಸ್ಕೊಂಡು ಒಂದಾದ್ಮೇಲೊಂದು ಬಟನ್ ಒತ್ತಿ ಸರಿ ಮಾಡೋಕೆ ನೋಡ್ತಿರ್ತಾರೆ, ಆ ಹೊತ್ತಲ್ಲಿ ವಿಮಾನನ ಯಾರೂ ಹಾರಿಸ್ತಿರಲ್ಲ. ಆಫ್ ಮಾಡೋದು ಸೋಲಲ್ಲ, ಅದೇ ಸರಿಯಾದ ಮೊದಲ ಹೆಜ್ಜೆ. ಇನ್ಸ್‌ಟ್ರಕ್ಟರ್ ಪಕ್ಕದಲ್ಲಿದ್ದಾಗ್ಲೇ ಹತ್ತಾರು ಸಲ ಆಫ್ ಮಾಡಿ ರೂಢಿ ಮಾಡ್ಕೊಳ್ಳಿ, ಬೆರಳು ಹುಡುಕದೇನೇ ಆ ಬಟನ್‌ಗೆ ಹೋಗ್ಬೇಕು.

ಮೋಡದ ಒಳಗಿದ್ದು ಆಟೋಪೈಲಟ್ ಹೋದ್ರೆ, ಹಾರಾಟ ಕೈಗೆ ಬಂದ್ಮೇಲೆ ಎಟಿಸಿಗೆ (ಏರ್ ಟ್ರಾಫಿಕ್ ಕಂಟ್ರೋಲ್) ನೇರವಾಗಿ ಹೇಳಿ, ಆಟೋಪೈಲಟ್ ಫೇಲ್ ಆಗಿದೆ, ಕೈಯಲ್ಲಿ ಹಾರಿಸ್ತಿದೀನಿ, ವೆಕ್ಟರ್ (ಹೋಗ್ಬೇಕಾದ ದಿಕ್ಕು) ಕೊಡಿ ಅಂತ. ಕೆಲಸ ಕೈ ಮೀರ್ತಿದೆ ಅನ್ಸಿದ್ರೆ ಪ್ಯಾನ್ ಪ್ಯಾನ್ (ತುರ್ತು ಇದೆ ಅನ್ನೋ ರೇಡಿಯೋ ಕರೆ) ಅನ್ನೋಕೆ ಸಂಕೋಚ ಬೇಡ.

ನೆಲದ ಮೇಲೇ ಆನ್ ಆಗ್ತಿಲ್ಲ

ಖರ್ಚಿಲ್ಲದ ಚೆಕ್‌ಗಳಿಂದ ಶುರು ಮಾಡೋಣ. ಏವಿಯಾನಿಕ್ಸ್ ಮಾಸ್ಟರ್ (ರೇಡಿಯೋ, ಸ್ಕ್ರೀನ್‌ಗಳ ಮೇನ್ ಸ್ವಿಚ್) ಆನ್ ಇದ್ಯಾ, ಆಟೋಪೈಲಟ್ ಸರ್ಕ್ಯೂಟ್ ಬ್ರೇಕರ್ ಒಳಗೆ ಕೂತಿದ್ಯಾ, ಬೆರಳಲ್ಲಿ ಮುಟ್ಟಿ ನೋಡಿ, ಕಣ್ಣಿಗೆ ಒಳಗಿದ್ದಂಗೆ ಕಂಡ್ರೂ ಒಂದೊಂದ್ಸಲ ಸ್ವಲ್ಪ ಎದ್ದಿರುತ್ತೆ. ಹಿಂದಿನ ಫ್ಲೈಟ್‌ನವರು ತೊಂದ್ರೆ ಬಂದು ಬೇಕಂತ್ಲೇ ಎಳೆದಿಟ್ಟು ಹೋಗಿರ್ಬಹುದು, ಹಾಗಾಗಿ ಹೊರಗೆ ಬಂದಿರೋ ಬ್ರೇಕರ್ ನೋಡಿದ್ ತಕ್ಷಣ ಒಳಗೆ ತಳ್ಳಬೇಡಿ, ಮೊದ್ಲು ಟೆಕ್ ಲಾಗ್ (ವಿಮಾನದ ದೋಷ ಬರೆಯೋ ಪುಸ್ತಕ) ಓದಿ.

ಆಮೇಲೆ ಸೆಲ್ಫ್ ಟೆಸ್ಟ್. ಪವರ್ ಬಂದ ಕೂಡ್ಲೇ ಎರಡೂ ಸಿಸ್ಟಮ್ ಪಿಎಫ್‌ಟಿ ಅಂತ ತೋರಿಸಿ ತಮ್ಮನ್ನ ತಾವೇ ಪರೀಕ್ಷೆ ಮಾಡ್ಕೊಳ್ಳುತ್ತೆ, ಅದು ಮುಗಿಯೋ ಮುಂಚೆ ಒತ್ತಿದ್ರೆ ಆನ್ ಆಗಲ್ಲ, ಅದು ದೋಷ ಅಲ್ಲ, ಸ್ವಲ್ಪ ಕಾಯ್ಬೇಕು ಅಷ್ಟೇ. ಕೆಎಪಿ 140ನಲ್ಲಿ ಇನ್ನೊಂದಿದೆ, ಆಟೋಪೈಲಟ್ ಆನ್ ಮಾಡೋ ಎಪಿ ಬಟನ್‌ನ ಸುಮ್ನೆ ಟಪ್ ಅಂತ ತಟ್ಟಿದ್ರೆ ಸಾಲಲ್ಲ, ಕಾಲು ಸೆಕೆಂಡ್ ಆದ್ರೂ ಒತ್ತಿ ಹಿಡೀಬೇಕು, ಗೊತ್ತಿಲ್ಲದೆ ಎಷ್ಟೋ ಜನ ಇದನ್ನೇ ಸ್ನ್ಯಾಗ್ (ದೋಷದ ದೂರು) ಅಂತ ಬರ್ದಿದಾರೆ. ಟೆಸ್ಟ್ ಮುಗಿದ್ಮೇಲೂ ಪಿಟಿ ಅನ್ನೋ ಅಕ್ಷರ ಉಳ್ಕೊಂಡಿದ್ರೆ ಪಿಚ್ ಟ್ರಿಮ್‌ನಲ್ಲಿ ತೊಂದ್ರೆ ಇದೆ ಅಂತ, ಪಿ ಒಂದೇ ಬಂದ್ರೆ ಪಿಚ್ (ಮೂತಿ ಮೇಲೆ ಕೆಳಗೆ ಆಗೋದು), ಆರ್ ಬಂದ್ರೆ ರೋಲ್ (ರೆಕ್ಕೆ ವಾಲೋದು). ಇವು ಬಂದ್ರೆ ಆ ದಿನ ಆಟೋಪೈಲಟ್ ಇಲ್ಲ ಅಂತ್ಲೇ ತಿಳ್ಕೊಂಡು ಪ್ಲಾನ್ ಮಾಡಿ.

ಜಿ1000 ಇದ್ದು ಹೊರೈಜನ್ ಮೇಲೋ ಹೆಡಿಂಗ್ (ಮೂತಿ ನೋಡ್ತಿರೋ ದಿಕ್ಕು) ಮೇಲೋ ಕೆಂಪು ಇಂಟು ಮಾರ್ಕ್ ಇದ್ರೆ ಆಟೋಪೈಲಟ್ ಕಡೆ ನೋಡೋದೇ ಬೇಡ, ವಿಮಾನ ಎಷ್ಟು ವಾಲಿದೆ, ಯಾವ ದಿಕ್ಕಲ್ಲಿದೆ ಅಂತ ಅದಕ್ಕೆ ಹೇಳೋ ಎಹೆಚ್‌ಆರ್‌ಎಸ್ ಇನ್ನೂ ರೆಡಿ ಆಗಿಲ್ಲ. ಕಬ್ಬಿಣದ ಹ್ಯಾಂಗರ್ ಪಕ್ಕ ಪಾರ್ಕ್ ಮಾಡಿದ್ರೆ ಹೆಡಿಂಗ್ ಬರದೇ ಇರೋದು ಮಾಮೂಲಿ, ಆಚೆ ಟ್ಯಾಕ್ಸಿ ಮಾಡಿದ್ಮೇಲೆ ಸರಿ ಹೋದ್ರೆ ಯೋಚ್ನೆ ಇಲ್ಲ.

ಆನ್ ಆದ್ಮೇಲೆ ನೆಲದ ಮೇಲೇ ಮಾಡೋ ಟೆಸ್ಟ್ ಇದ್ಯಲ್ಲ, ದಯವಿಟ್ಟು ಅದನ್ನ ಬಿಡಬೇಡಿ. ಹೆಡಿಂಗ್ ಮೋಡ್ ಹಾಕಿ ಬಗ್‌ನ (ಬೇಕಾದ ದಿಕ್ಕಿಗೆ ಇಡೋ ಗುರುತು) ಎಡಕ್ಕೆ ತಿರುಗಿಸಿದ್ರೆ ಯೋಕ್ ಎಡಕ್ಕೆ ಹೋಗ್ಬೇಕು, ಬಲಕ್ಕೆ ತಿರುಗಿಸಿದ್ರೆ ಬಲಕ್ಕೆ. ಆಮೇಲೆ ಯೋಕ್‌ನ ಕೈಯಲ್ಲಿ ಅದ್ರ ವಿರುದ್ಧ ತಳ್ಳಿ ನೋಡಿ, ಸರ್ವೋ (ಯೋಕ್ ತಿರುಗಿಸೋ ಮೋಟರ್) ಒಳಗೆ ಜಾರೋ ಕ್ಲಚ್ ಇರುತ್ತೆ, ನಿಮ್ಮ ಕೈ ಶಕ್ತಿಗೆ ಅದು ಸೋಲಲೇಬೇಕು. ಸೋಲ್ಲಿಲ್ಲ ಅಂದ್ರೆ ಅವತ್ತು ಹಾರೋದು ಬೇಡ, ನಿಲ್ಲಿಸಿ ಎಎಂಇನ (ವಿಮಾನ ರಿಪೇರಿ ಇಂಜಿನಿಯರ್) ಕರೀರಿ. ಕೆಂಪು ಬಟನ್ ಒತ್ತಿ, ಟೋನ್ ಕೇಳ್ಬೇಕು, ಯೋಕ್ ಹಗುರ ಆಗ್ಬೇಕು. ಎಲೆಕ್ಟ್ರಿಕ್ ಟ್ರಿಮ್ ಸ್ವಿಚ್ ಎರಡು ಭಾಗ ಇರುತ್ತೆ, ಎರಡನ್ನೂ ಒಟ್ಟಿಗೆ ತಳ್ಳಿದ್ರೆ ಮಾತ್ರ ವ್ಹೀಲ್ ತಿರುಗ್ಬೇಕು, ಒಂದೇ ಭಾಗ ತಳ್ಳಿದಾಗ್ಲೂ ತಿರುಗಿದ್ರೆ ಅದು ಕೆಟ್ಟ ಸ್ವಿಚ್, ಅದನ್ನ ಸಣ್ಣದು ಅಂದ್ಕೋಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ. ಕೊನೇಗೆ ಟ್ರಿಮ್‌ನ ಟೇಕಾಫ್ ಗುರುತಿಗೆ ತನ್ನಿ, ಟೆಸ್ಟ್ ಮಾಡುವಾಗ ಅದು ಜರುಗಿರುತ್ತೆ.

ಆನ್ ಇದೆ, ಆದ್ರೆ ದಾರಿ ಹಿಡೀತಿಲ್ಲ

ಒಂದ್ಸಲ ಮೈಸೂರು ಕಡೆ ಕ್ರಾಸ್ ಕಂಟ್ರಿ ಹೋಗ್ತಿದ್ವಿ, ಹುಡುಗ ನ್ಯಾವ್ ಒತ್ತಿ ನಿಟ್ಟುಸಿರು ಬಿಟ್ಟು ಮ್ಯಾಪ್ ತೆಗೆದ. ನೇರಳೆ ಗೆರೆ ನಿಧಾನಕ್ಕೆ ಬಲಕ್ಕೆ ಸರೀತಾ ಇದೆ, ವಿಮಾನ ಮಾತ್ರ ನೆಟ್ಟಗೆ ಹೋಗ್ತಾನೇ ಇದೆ. ನಾನು ಮಾತಾಡ್ಲಿಲ್ಲ, ಎಷ್ಟೊತ್ತಿಗೆ ನೋಡ್ತಾನೆ ಅಂತ ಕಾದೆ. ನಾಲ್ಕು ಮೈಲಿ ಆಚೆ ಹೋದ್ಮೇಲೆ ನೋಡಿದ. ಆಗಿದ್ದೇನು ಅಂದ್ರೆ ಸಿಡಿಐ (ದಾರಿಯಿಂದ ಎಷ್ಟು ಸರಿದಿದೀವಿ ಅಂತ ತೋರಿಸೋ ಸೂಜಿ) ಜಿಪಿಎಸ್ ಮೇಲೆ ಇರ್ಲಿಲ್ಲ, ವಿಓಆರ್ (ನೆಲದ ಮೇಲಿನ ರೇಡಿಯೋ ಸ್ಟೇಷನ್) ಮೇಲಿತ್ತು, ಆ ಫ್ರೀಕ್ವೆನ್ಸೀಲಿ ಸಿಗ್ನಲ್ ಇಲ್ಲ, ಹಾಗಾಗಿ ನ್ಯಾವ್ ವಿಓಆರ್ ಅನ್ನೋ ಬಿಳಿ ಅಕ್ಷರದಲ್ಲೇ ಕಾಯ್ತಾ ಕೂತಿತ್ತು, ಹಸಿರು ಅಕ್ಷರದಲ್ಲಿ ಇದ್ದಿದ್ದು ರೋಲ್ ಮೋಡ್. ಜಿಎಫ್‌ಸಿ 700ನಲ್ಲಿ ಬಿಳಿ ಅಂದ್ರೆ ಕಾಯ್ತಿದೆ, ಹಸಿರು ಅಂದ್ರೆ ಹಿಡಿದಿದೆ. ಇದೊಂದು ತಲೇಲಿ ಕೂತ್ರೆ ಅರ್ಧ ತೊಂದ್ರೆ ಕಡಿಮೆ.

ಹಾಗಾಗಿ ದಾರಿ ಹಿಡೀತಿಲ್ಲ ಅಂದ್ರೆ ಮೊದ್ಲು ಸ್ಕ್ರೀನ್ ಮೇಲಿನ ಸಾಲು ಓದಿ, ಬಾಯಿ ಬಿಟ್ಟು ಜೋರಾಗಿ ಓದಿ, "ರೋಲ್ ಹಸಿರು, ವಿಓಆರ್ ಬಿಳಿ" ಅಂತ. ಆಮೇಲೆ ಸಿಡಿಐ ಎಲ್ಲಿದೆ ನೋಡಿ. ನ್ಯಾವ್ ಹಿಡಿದಿರುವಾಗ ಸಿಡಿಐ ಸೋರ್ಸ್ ಬದ್ಲಾಯಿಸಿದ್ರೆ ಅದು ಸದ್ದಿಲ್ಲದೆ ರೋಲ್‌ಗೆ ವಾಪಸ್ ಬೀಳುತ್ತೆ, ಮತ್ತೆ ನ್ಯಾವ್ ಒತ್ತಬೇಕು. ಬರೀ ಎಪಿ ಒತ್ತಿ ಸುಮ್ನಾದ್ರೆ ಅದಕ್ಕೆ ಎಲ್ಲಿಗೆ ಹೋಗ್ಬೇಕು ಅನ್ನೋದೇ ಗೊತ್ತಿರಲ್ಲ. ಜಿಎಫ್‌ಸಿ 700 ರೋಲ್ ಮತ್ತೆ ಪಿಚ್‌ನ ಇದ್ದಂಗೆ ಹಿಡ್ಕೊಳ್ಳುತ್ತೆ, ಕೆಎಪಿ 140 ರೆಕ್ಕೆ ಲೆವೆಲ್ ಮಾಡಿ ಆ ಕ್ಷಣದಲ್ಲಿದ್ದ ವರ್ಟಿಕಲ್ ಸ್ಪೀಡ್ (ವಿಎಸ್, ಅಂದ್ರೆ ಹತ್ತೋ ಇಳಿಯೋ ವೇಗ) ಹಿಡ್ಕೊಳ್ಳುತ್ತೆ. ನೀವು ನಿಮಿಷಕ್ಕೆ 300 ಅಡಿ ಇಳೀತಿರುವಾಗ ಒತ್ತಿದ್ರೆ ಅದು 300 ಅಡಿ ಇಳೀತಾನೇ ಹೋಗುತ್ತೆ.

ಕೆಎಪಿ 140 ಜೊತೆ ಸಾದಾ ಡೈರೆಕ್ಷನಲ್ ಜೈರೋ (ತಿರುಗೋ ಚಕ್ರದಿಂದ ದಿಕ್ಕು ತೋರಿಸೋ ಮೀಟರ್) ಇರೋ ವಿಮಾನದಲ್ಲಿ ಇನ್ನೊಂದು ತಿಳ್ಕೊಳ್ಳಿ. ನ್ಯಾವ್ ಒತ್ತಿದಾಗ ಎಚ್‌ಡಿಜಿ ಅನ್ನೋ ಅಕ್ಷರ 5 ಸೆಕೆಂಡ್ ಮಿನುಗುತ್ತೆ, ಅದು ಅಲಂಕಾರಕ್ಕಲ್ಲ, ಹೆಡಿಂಗ್ ಬಗ್‌ನ ಹೋಗ್ಬೇಕಾದ ಕೋರ್ಸ್ ಮೇಲೆ ಇಡಿ ಅಂತ ನಿಮಗೆ ಹೇಳ್ತಿದೆ. ಅದಕ್ಕೆ ಕೋರ್ಸ್ ಗೊತ್ತಾಗೋದೇ ಆ ಬಗ್‌ನಿಂದ, ಇಡದೇ ಹೋದ್ರೆ ತಪ್ಪು ಕೋನದಲ್ಲಿ ಹೋಗಿ ಗೆರೆ ಸುತ್ತ ಹಾವಿನ ಥರ ಸಾಗುತ್ತೆ. ಜೈರೋ ತಾನಾಗೇ ಜಾರೋದಂತೂ ಇದ್ದೇ ಇದೆ, ಕಾಲು ಗಂಟೆಗೊಂದ್ಸಲ ಕಂಪಾಸ್ ಜೊತೆ ತಾಳೆ ನೋಡಿ, ರೆಕ್ಕೆ ಲೆವೆಲ್ ಇದ್ದಾಗ, ಟರ್ನ್ ಮಧ್ಯದಲ್ಲಿ ಅಲ್ಲ.

ಹೆಡಿಂಗ್ ಮೋಡ್‌ನಲ್ಲಿದ್ದು ಗಾಳಿಗೆ ಪಕ್ಕಕ್ಕೆ ಸರಿದ್ರೆ ಅದು ದೋಷ ಅಲ್ಲ, ನೀವು ಹೆಡಿಂಗ್ ಕೇಳಿದ್ರಿ, ಅದು ಹೆಡಿಂಗ್ ಕೊಟ್ಟಿತು. ವಿಓಆರ್ ಸ್ಟೇಷನ್ ಮೇಲೆ ಹಾದು ಹೋಗುವಾಗ ಸೂಜಿ ಅಲ್ಲಾಡಿ ವಿಮಾನವೂ ಅಲ್ಲಾಡೋದು ಕೂಡ ಸಹಜ, ಆ ಒಂದು ನಿಮಿಷ ಹೆಡಿಂಗ್‌ಗೆ ಹಾಕಿಬಿಡಿ.

ಹೇಳಿದ ಎತ್ತರದಲ್ಲಿ ನಿಲ್ಲಲ್ಲ, ದಾಟಿ ಹೋಗುತ್ತೆ

ಜಿ1000ನಲ್ಲಿ ಇದಕ್ಕೆ ಮಾಮೂಲಿ ಕಾರಣ ಎರಡು. ಒಂದು, ಆಲ್ಟಿಟ್ಯೂಡ್ ಬಗ್ ತಪ್ಪು ಕಡೆ ಇರೋದು, 5500ರಲ್ಲಿ ಇದೀರ, ಬಗ್ 4500ರಲ್ಲಿದೆ, ವಿಎಸ್ ಹಾಕಿ ಮೇಲೆ ಹತ್ತೋಕೆ ಹೇಳಿದ್ರಿ, ಹತ್ತುತ್ತಾನೇ ಇರುತ್ತೆ, ಅದನ್ನ ತಡೆಯೋ ಗೋಡೆ ಮೇಲೆ ಎಲ್ಲೂ ಇಲ್ಲ. ಎರಡು, ಎತ್ತರ ಹತ್ರ ಬಂದು ವಿಮಾನ ಲೆವೆಲ್ ಆಗೋಕೆ ಶುರು ಮಾಡಿದಾಗ ಎಟಿಸಿ ಹೊಸ ಎತ್ತರ ಕೊಡ್ತಾರೆ, ನೀವು ನಾಬ್ ತಿರುಗಿಸ್ತೀರ, ಆ ಕ್ಷಣ ಕ್ಯಾಪ್ಚರ್ (ಎತ್ತರ ಹಿಡಿಯೋದು) ಬಿಟ್ಟು ಪಿಚ್ ಮೋಡ್‌ಗೆ ಹೋಗುತ್ತೆ. ಮೂತಿ ಇದ್ದಂಗೇ ಇರುತ್ತೆ, ಎತ್ತರ ದಾಟಿ ಹೋಗುತ್ತೆ. ಲೆವೆಲ್ ಆಗೋವರೆಗೂ ನಾಬ್ ಮುಟ್ಟದೇ ಇರೋದು ಒಳ್ಳೇದು, ಮುಟ್ಟಲೇಬೇಕಾದ್ರೆ ಆದ ತಕ್ಷಣ ಮೋಡ್ ಸಾಲು ಓದಿ.

ಕೆಎಪಿ 140ನಲ್ಲಿ ಎಆರ್‌ಎಂ ಅಂತ ಕಾಣ್ತಿದ್ಯಾ ನೋಡಿ, ಕಾಣ್ದಿದ್ರೆ ನಿಲ್ಲಲ್ಲ. ಇದಕ್ಕಿಂತ ಜಾಸ್ತಿ ಜನ ಮರೆಯೋದು ಅಂದ್ರೆ ಅದಕ್ಕೆ ತನ್ನದೇ ಬೇರೆ ಬ್ಯಾರೋ (ಗಾಳಿ ಒತ್ತಡದ) ಸೆಟಿಂಗ್ ಇದೆ. ಆಲ್ಟಿಮೀಟರ್‌ನಲ್ಲಿ ಕ್ಯೂಎನ್‌ಹೆಚ್ (ಆ ಜಾಗದ ಒತ್ತಡದ ಅಂಕಿ) ಹಾಕಿದ್ರಿ, ಆಟೋಪೈಲಟ್‌ನಲ್ಲಿ ಹಾಕ್ಲಿಲ್ಲ, ಒಂದು ಹೆಕ್ಟೋಪ್ಯಾಸ್ಕಲ್‌ಗೆ ಹತ್ರ ಹತ್ರ 30 ಅಡಿ ಲೆಕ್ಕ, 5 ತಪ್ಪಿದ್ರೆ 150 ಅಡಿ ಆಚೆ ಈಚೆ ಹೋಗಿ ನಿಲ್ಲುತ್ತೆ. ವಿಮಾನ ಸರಿಯಾಗೇ ಇರುತ್ತೆ, ಎರಡು ಗಡಿಯಾರ ಬೇರೆ ಬೇರೆ ಟೈಮ್ ತೋರಿಸಿದಂಗೆ ಅಷ್ಟೇ.

ಇದೆಲ್ಲ ಸರಿ ಇದ್ದೂ ಎತ್ತರ ಜಾರ್ತಿದ್ರೆ ಸ್ಟ್ಯಾಟಿಕ್ ಲೈನ್ (ಹೊರಗಿನ ಗಾಳಿ ಒತ್ತಡನ ಮೀಟರ್‌ಗೆ ತರೋ ಪೈಪ್) ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ನೀರು ಹೋಗಿರುತ್ತೆ, ವಿಮಾನ ತೊಳೆಯುವಾಗ ಅಂಟಿಸಿದ ಟೇಪ್ ತೆಗೆಯೋಕೆ ಮರೆತಿರ್ತಾರೆ, ನಮ್ಮಲ್ಲಂತೂ ಕಣಜ ಒಂದೆರಡು ದಿನದಲ್ಲಿ ತೂತೊಳಗೆ ಮಣ್ಣಿನ ಗೂಡು ಕಟ್ಟುತ್ತೆ. ಸ್ಟ್ಯಾಟಿಕ್ ಮುಚ್ಚಿದ್ರೆ ಎತ್ತರ ಬದ್ಲಾಗ್ತಿರೋದೇ ಆಟೋಪೈಲಟ್‌ಗೆ ತಿಳಿಯಲ್ಲ. ಆಲ್ಟರ್ನೇಟ್ ಸ್ಟ್ಯಾಟಿಕ್ (ಕ್ಯಾಬಿನ್ ಗಾಳಿ ಬಳಸೋ ಬದಲಿ ನಾಬ್) ಎಳೀಬೇಕಾದ್ರೆ ಮೊದ್ಲು ಆಟೋಪೈಲಟ್ ಆಫ್ ಮಾಡಿ, ಕ್ಯಾಬಿನ್ ಒಳಗಿನ ಒತ್ತಡ ಬೇರೆ ಇರುತ್ತಲ್ಲ, ಎಳೆದ ತಕ್ಷಣ ಅದು ಎತ್ತರ ಬದ್ಲಾಯ್ತು ಅಂದ್ಕೊಂಡು ಮೂತಿ ತಿರುಗಿಸುತ್ತೆ. ಪೋರ್ಟ್ ತೂತಿಗೆ ಕಡ್ಡಿ ಹಾಕೋದು, ಬಾಯಿಂದ ಊದೋದು ಎಲ್ಲ ಬೇಡವೇ ಬೇಡ, ಅದು ಎಎಂಇ ಕೆಲಸ.

ಹತ್ತುವಾಗ ಸ್ಪೀಡ್ ಬೀಳ್ತಿದೆ

ಇಲ್ಲಿ ಮಿಷನ್‌ನಲ್ಲಿ ಯಾವ ದೋಷವೂ ಇರಲ್ಲ, ಎಲ್ಲಾ ಹೇಳಿದಂಗೇ ನಡೀತಿರುತ್ತೆ, ಆದ್ರೂ ನನಗೆ ಅತೀ ಹೆಚ್ಚು ಭಯ ಇರೋದು ಇದ್ರ ಮೇಲೇ.

ವಿಎಸ್ ಮೋಡ್‌ಗೆ ಗೊತ್ತಿರೋದು ಒಂದೇ, ನಿಮಿಷಕ್ಕೆ ಇಷ್ಟು ಅಡಿ ಹತ್ತಬೇಕು. ಸ್ಪೀಡ್ ಅದಕ್ಕೆ ಬೇಕಿಲ್ಲ. 172ಎಸ್ ಸಮುದ್ರ ಮಟ್ಟದಲ್ಲಿ, ಪೂರ್ತಿ ತೂಕದಲ್ಲಿ, ಪುಸ್ತಕದ ಲೆಕ್ಕಕ್ಕೆ ನಿಮಿಷಕ್ಕೆ 730 ಅಡಿ ಹತ್ತುತ್ತೆ. ಬೆಂಗ್ಳೂರು ಸಮುದ್ರ ಮಟ್ಟದಲ್ಲಿಲ್ಲ, ಜಕ್ಕೂರು ನೆಲವೇ ಸುಮಾರು 3000 ಅಡಿ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ಇದ್ರೆ ಡೆನ್ಸಿಟಿ ಆಲ್ಟಿಟ್ಯೂಡ್ 5500 ಅಡಿ ಹತ್ರ ಬರುತ್ತೆ, ಅಂದ್ರೆ ಚಕ್ರ ನೆಲ ಬಿಡೋ ಮುಂಚೆನೇ ವಿಮಾನ 5500 ಅಡೀಲಿ ಇದ್ದಂಗೆ ಉಸಿರಾಡ್ತಿರುತ್ತೆ. ಈಗ 700 ಅಡಿ ವಿಎಸ್ ಹಾಕಿ ಕೂತ್ರೆ ಮೊದ್ಲು ಹತ್ತುತ್ತೆ, ಮೇಲೆ ಹೋದಂಗೆ ಇಂಜಿನ್ ಶಕ್ತಿ ಕಡಿಮೆ ಆಗುತ್ತೆ, ಆಟೋಪೈಲಟ್ 700 ಬಿಡಬಾರ್ದು ಅಂತ ಮೂತಿ ಸ್ವಲ್ಪ ಸ್ವಲ್ಪನೇ ಎತ್ತುತ್ತಾ ಹೋಗುತ್ತೆ, ಸ್ಪೀಡ್ 74ರಿಂದ 70, 65, 60, ನೀವು ರೇಡಿಯೋದಲ್ಲಿ ಮಾತಾಡ್ತಿರ್ತೀರ, ಜೊತೆಗೆ ಅದು ಟ್ರಿಮ್‌ನೂ ಹಿಂದಕ್ಕೆ ತಿರುಗಿಸ್ಕೊಂಡೇ ಬಂದಿರುತ್ತೆ. ಕೊನೇಗೆ ಸ್ಟಾಲ್ ಹಾರ್ನ್ (ರೆಕ್ಕೆ ವಿಮಾನನ ಎತ್ತಿಹಿಡಿಯೋ ಶಕ್ತಿ ಕಳ್ಕೊಳ್ತಿದೆ ಅನ್ನೋ ಎಚ್ಚರಿಕೆ) ಕೂಗಿದಾಗ ಮೂತಿ ಮೇಲಿದೆ, ಟ್ರಿಮ್ ಪೂರ್ತಿ ಹಿಂದಿದೆ, ಆಫ್ ಮಾಡಿ ಪವರ್ ಕೊಟ್ರೆ ಮೂತಿ ಇನ್ನೂ ಮೇಲೆ ಹೋಗೋಕೆ ನೋಡುತ್ತೆ. ಆಗ ಗಟ್ಟಿಯಾಗಿ ಮುಂದೆ ತಳ್ಳಬೇಕು, ತಳ್ಳಿಕೊಂಡೇ ಟ್ರಿಮ್ ಮುಂದಕ್ಕೆ ತರಬೇಕು.

ಏನು ಮಾಡ್ಬೇಕು ಅಂದ್ರೆ, ಜಿಎಫ್‌ಸಿ 700 ಇದ್ರೆ ಹತ್ತೋಕೆ ಎಫ್‌ಎಲ್‌ಸಿ ಬಳಸಿ, ಅದು ಸ್ಪೀಡ್ ಹಿಡ್ಕೊಳ್ಳುತ್ತೆ, ಹತ್ತೋಕಾಗಲಿಲ್ಲ ಅಂದ್ರೆ ಹತ್ತೋದು ನಿಧಾನ ಆಗುತ್ತೆ ಅಷ್ಟೇ, ಸ್ಟಾಲ್ ಕಡೆ ಹೋಗಲ್ಲ. ಕೆಎಪಿ 140ನಲ್ಲಿ ಆ ಮೋಡ್ ಇಲ್ಲ, ಹಾಗಾಗಿ ವಿಎಸ್ ಕಡಿಮೆ ಇಡಿ, 300 ಅಥವಾ 400, ಪ್ರತಿ ಸಾವಿರ ಅಡಿಗೆ ಇನ್ನೂ ಕಡಿಮೆ ಮಾಡ್ತಾ ಬನ್ನಿ, ಕಣ್ಣು ಏರ್‌ಸ್ಪೀಡ್ ಮೇಲೇ ಇರ್ಲಿ. ನನ್ನ ಜೊತೆ ಹಾರೋರಿಗೆ 70 ನಾಟ್ ಅಂತ ಒಂದು ಗೆರೆ ಹಾಕಿದೀನಿ, ಅದು ಮುಟ್ಟಿದ್ರೆ ಪ್ರಶ್ನೆ ಇಲ್ಲ, ಆಟೋಪೈಲಟ್ ಆಫ್, ಮೂತಿ ಕೆಳಗೆ.

ಆಲ್ಟಿಟ್ಯೂಡ್ ಹೋಲ್ಡ್‌ನಲ್ಲೂ ಇದೇ ಕಥೆ. ಇಳಿಯೋಕೆ ರೆಡಿ ಆಗ್ತಾ ಪವರ್ ಕಡಿಮೆ ಮಾಡಿ, ಇಳಿಯೋ ಮೋಡ್ ಹಾಕೋಕೆ ಮರೆತ್ರೆ ಎತ್ತರ ಉಳಿಸೋಕೆ ಸ್ಪೀಡ್‌ನ ತಿಂತಾ ಹೋಗುತ್ತೆ. ಜೂನ್ ಜುಲೈನಲ್ಲಿ ಪಶ್ಚಿಮದ ಗಾಳಿ ಜೋರಿರುವಾಗ ಘಟ್ಟದ ಪೂರ್ವದ ಮಗ್ಗುಲಲ್ಲಿ ಹಾರಿದೋರಿಗೆ ಗೊತ್ತು, ಗಾಳಿ ಬೆಟ್ಟ ದಾಟಿ ಕೆಳಕ್ಕೆ ಸುರಿಯುತ್ತೆ, ವಿಮಾನನ ಕೆಳಗೆ ತಳ್ಳುತ್ತೆ, ಆಟೋಪೈಲಟ್ ಹಠ ಹಿಡಿದು ಮೂತಿ ಎತ್ತುತ್ತೆ. ಅಲ್ಲಿ ಎತ್ತರ ಬಿಟ್ರೂ ಸ್ಪೀಡ್ ಬಿಡಬೇಡಿ, ಬೆಟ್ಟದಿಂದ ದೂರ ತಿರುಗಿ, ಕೈಯಲ್ಲಿ ಹಾರಿಸಿ.

ಟ್ರಿಮ್ ವ್ಹೀಲ್ ತಾನಾಗೇ ತಿರುಗ್ತಿದೆ, ಯೋಕ್ ಭಾರ ಆಗ್ತಿದೆ

ಮೋಡ್ ಸಾಲು ಓದೋಕೆಲ್ಲ ಇಲ್ಲಿ ಟೈಮ್ ಇಲ್ಲ, ಇದನ್ನ ಬಾಯಿಪಾಠ ಮಾಡಿ. ಯೋಕ್ ಗಟ್ಟಿಯಾಗಿ ಹಿಡಿದು ವಿಮಾನನ ಕಂಟ್ರೋಲ್‌ಗೆ ತನ್ನಿ. ಕೆಂಪು ಬಟನ್ ಒತ್ತಿ, ಒತ್ತಿ ಬಿಡೋದಲ್ಲ, ಹಿಡಿದೇ ಇರಿ. ಹಿಡಿದುಕೊಂಡೇ ಆಟೋಪೈಲಟ್ ಬ್ರೇಕರ್ ಎಳೀರಿ. ಆಮೇಲೆ ಟ್ರಿಮ್ ವ್ಹೀಲ್‌ನ ಕೈಯಿಂದ ತಿರುಗಿಸಿ ಸರಿ ಮಾಡಿ. ಹಿಡಿದೇ ಇರಿ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಬಟನ್ ಹಿಡಿದಿರೋವರೆಗೂ ಮಾತ್ರ ಟ್ರಿಮ್ ಮೋಟರ್‌ಗೆ ಕರೆಂಟ್ ಕಟ್ ಆಗಿರುತ್ತೆ, ಸ್ವಿಚ್ಚೋ ರಿಲೇನೋ ಅಂಟಿಕೊಂಡಿದ್ರೆ ಬಿಟ್ಟ ತಕ್ಷಣ ಮತ್ತೆ ತಿರುಗೋಕೆ ಶುರು ಮಾಡುತ್ತೆ. ಬ್ರೇಕರ್ ಎಲ್ಲಿದೆ ಅಂತ ಹತ್ತೋ ಮುಂಚೆ ಬೆರಳಲ್ಲಿ ಮುಟ್ಟಿಟ್ಕೊಳ್ಳಿ, ಕೆಲವು ವಿಮಾನದಲ್ಲಿ ಅದಕ್ಕೆ ಬಣ್ಣದ ರಿಂಗ್ ಹಾಕಿರ್ತಾರೆ, ಹಾಕಿಲ್ಲ ಅಂದ್ರೆ ಎಎಂಇನ ಕೇಳಿ, ಒಳ್ಳೇ ಅಭ್ಯಾಸ. ಎಳೆದ ಬ್ರೇಕರ್‌ನ ಗಾಳೀಲಿ ವಾಪಸ್ ತಳ್ಳಬೇಡಿ, ಆಟೋಪೈಲಟ್ ಮತ್ತೆ ಆನ್ ಮಾಡಿ ನೋಡೋಣ ಅನ್ನೋದಂತೂ ಬೇಡವೇ ಬೇಡ.

ಆದ್ರೆ ಟ್ರಿಮ್ ಓಡಿಹೋಗೋದು ಎಲ್ಲಾ ಸಲ ಮಿಷನ್ ತಪ್ಪಲ್ಲ, ನಾವೇ ಓಡಿಸ್ತೀವಿ. ಆಟೋಪೈಲಟ್ ಆನ್ ಇದೆ ಅನ್ನೋದು ಮರೆತು, ಆಲ್ಟಿಟ್ಯೂಡ್ ಹೋಲ್ಡ್‌ನಲ್ಲಿ, ಯೋಕ್ ಹಿಂದಕ್ಕೆ ಎಳೆದ್ರಿ ಅಂದ್ಕೊಳ್ಳಿ. ಪಿಚ್ ಸರ್ವೋ ಮೂತಿ ಕೆಳಗೆ ತಳ್ಳೋಕೆ ನೋಡುತ್ತೆ, ಆಗಲ್ಲ, ಭಾರ ಬೀಳ್ತಿದೆ ಅಂತ ಟ್ರಿಮ್‌ನ ಮೂತಿ ಕೆಳಕ್ಕೆ ತಿರುಗಿಸುತ್ತೆ. ನಿಮಗೆ ಯೋಕ್ ಭಾರ ಆಯ್ತು ಅಂತ ಇನ್ನೂ ಜೋರಾಗಿ ಎಳೀತೀರ, ಅದು ಇನ್ನೂ ಕೆಳಕ್ಕೆ ಟ್ರಿಮ್ ಮಾಡುತ್ತೆ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಹಂಗೆ. ಆಮೇಲೆ ಕ್ಲಚ್ ಜಾರಿದಾಗ್ಲೋ ಕೈ ಸೋತಾಗ್ಲೋ ಮೂತಿ ಧಡಕ್ ಅಂತ ಬೀಳುತ್ತೆ. ಆಟೋಪೈಲಟ್ ಆನ್ ಇರುವಾಗ ಪಿಚ್‌ನಲ್ಲಿ ಅದ್ರ ಜೊತೆ ಕುಸ್ತಿ ಬೇಡ. ಸ್ವಲ್ಪ ಹೊತ್ತು ಕೈಯಲ್ಲಿ ಹಾರಿಸ್ಬೇಕಾ, ಆಫ್ ಮಾಡಿ, ಇಲ್ಲಾ ಜಿಎಫ್‌ಸಿ 700ನಲ್ಲಿ ಸಿಡಬ್ಲ್ಯುಎಸ್ ಬಟನ್ ಹಿಡಿದು ಹಾರಿಸಿ, ಅದು ಇರೋದೇ ಅದಕ್ಕೆ.

ಮೂತಿ ತೂಗಾಡುತ್ತೆ, ರೆಕ್ಕೆ ಅಲ್ಲಾಡುತ್ತೆ

ಬಿಸಿಲು ಹೊತ್ತಲ್ಲಿ ಕಲಬುರಗಿ ಕಡೆ ಥರ್ಮಲ್‌ನಲ್ಲಿ (ಬಿಸಿಗೆ ಮೇಲೇಳೋ ಗಾಳಿ) ಹಾರ್ತಾ ತೂಗಾಡಿದ್ರೆ ಅದು ಗಾಳಿ. ಬೆಳಿಗ್ಗೆ ಬೇಗ, ಗಾಳಿ ಶಾಂತ ಇದ್ದಾಗ ಇನ್ನೊಂದ್ಸಲ ನೋಡಿ, ಆಗ್ಲೂ ಒಂದೇ ತಾಳದಲ್ಲಿ ಮೇಲೆ ಕೆಳಗೆ ಆಗ್ತಿದ್ರೆ ದೋಷ ಇದೆ. ಆಫ್ ಮಾಡಿ ಕೈಯಲ್ಲಿ ಟ್ರಿಮ್ ಮಾಡಿ ಬಿಟ್ಟಾಗ ನೆಟ್ಟಗೆ ಹೋಗುತ್ತಾ? ಹೋದ್ರೆ ವಿಮಾನ ಸರಿ ಇದೆ, ತೊಂದ್ರೆ ಆಟೋಪೈಲಟ್ ಕಡೆ. ಪಿಚ್‌ನಲ್ಲಿ ತೂಗಾಟಕ್ಕೆ ಕೇಬಲ್ ಸಡಿಲ ಆಗಿರೋದು, ಕಂಟ್ರೋಲ್‌ನಲ್ಲಿ ಎಲ್ಲೋ ಉಜ್ಜೋದು, ಸ್ಟ್ಯಾಟಿಕ್ ಲೀಕ್ ಇವು ಕಾರಣ ಆಗ್ಬಹುದು. ಕೆಎಪಿ 140 ರೆಕ್ಕೆ ನೋಡ್ಕೊಳ್ಳೋದು ಟರ್ನ್ ಕೋಆರ್ಡಿನೇಟರ್‌ನಿಂದ (ವಿಮಾನ ತಿರುಗೋದನ್ನ ತೋರಿಸೋ ಮೀಟರ್), ಅದು ಸವೆದ್ರೆ ರೆಕ್ಕೆ ಅತ್ತಿತ್ತ ಆಡುತ್ತೆ, ಇನ್‌ಸ್ಟ್ರುಮೆಂಟ್‌ನಲ್ಲಿ ಪುಟ್ಟ ವಿಮಾನದ ಗೊಂಬೆ ನಡುಗ್ತಿದ್ಯಾ ನೋಡಿ. ಇವೆಲ್ಲ ಬಿಚ್ಚಿ ನೋಡೋದು ಎಎಂಇ, ನಾವಲ್ಲ.

ಗಾಳಿ ಎಳೆದು ಕೆಲವು ಜೈರೋಗಳನ್ನ ತಿರುಗಿಸೋ ವ್ಯಾಕ್ಯೂಮ್ ಪಂಪ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. 1914ರ ಜೂನ್‌ನಲ್ಲಿ ಪ್ಯಾರಿಸ್ ಹತ್ರ ಸೇನ್ ನದಿ ಮೇಲೆ ಆಟೋಪೈಲಟ್‌ನ ಮೊದ್ಲು ಮಾಡಿದ ಲಾರೆನ್ಸ್ ಸ್ಪೆರಿ ಎರಡೂ ಕೈ ಮೇಲೆತ್ತಿ ಹಾರಿ ತೋರಿಸಿದ್ದು ಜೈರೋಸ್ಕೋಪ್ ನಂಬಿ, ಇವತ್ತಿಗೂ ಆಟೋಪೈಲಟ್ ನಂಬೋದು ಯಾವ್ದಾದ್ರೂ ಒಂದು ಜೈರೋನ ಅಥವಾ ಅದ್ರ ಎಲೆಕ್ಟ್ರಾನಿಕ್ ತಮ್ಮನ್ನ. ಜೈರೋ ಸುಳ್ಳು ಹೇಳಿದ್ರೆ ಅದು ಸುಳ್ಳಿನ ಹಿಂದೇನೇ ಹೋಗುತ್ತೆ. ನಿಮ್ಮ ವಿಮಾನದ ಆಟೋಪೈಲಟ್ ಯಾವ ಜೈರೋ ನಂಬುತ್ತೆ ಅಂತ ನಿಮಗೆ ಗೊತ್ತಿರ್ಬೇಕು. ಕೆಎಪಿ 140ದು ಕರೆಂಟ್‌ನಲ್ಲಿ ಓಡೋದು, ಪಂಪ್ ಹೋದ್ರೂ ರೆಕ್ಕೆ ಲೆವೆಲ್ ಇಡುತ್ತೆ, ಆದ್ರೆ ಹೆಡಿಂಗ್ ಕೊಡೋ ಜೈರೋ ವ್ಯಾಕ್ಯೂಮ್‌ದು, ಹಾಗಾಗಿ ಹೆಡಿಂಗ್ ಮೋಡ್ ನಂಬಬೇಡಿ. ಹಳೇ ಕೆಎಫ್‌ಸಿ 150 ಥರದವು ವ್ಯಾಕ್ಯೂಮ್ ಹೊರೈಜನ್‌ನೇ ನಂಬೋದು, ಪಂಪ್ ಹೋಗಿ ಹೊರೈಜನ್ ನಿಧಾನಕ್ಕೆ ವಾಲಿದ್ರೆ ವಿಮಾನನೂ ಜೊತೆಗೆ ವಾಲಿಸುತ್ತೆ, ಮೋಡದೊಳಗೆ ನಿಮಗೆ ಗೊತ್ತೇ ಆಗಲ್ಲ. ವ್ಯಾಕ್ಯೂಮ್ ಗೇಜ್ 4.5ರಿಂದ 5.5 ಒಳಗಿರ್ಬೇಕು, ಐದು ನಿಮಿಷಕ್ಕೊಂದ್ಸಲ ಕಣ್ಣು ಹಾಯಿಸಿ.

ತಾನಾಗೇ ಆಫ್ ಆಗುತ್ತೆ

ಒಂದ್ಸಲ ಆಗಿದ್ದು, ಜೋರು ಗಾಳಿ ಹೊಡೆತ ಇತ್ತು ಅಂದ್ರೆ, ವಿಮಾನ ಸ್ಥಿರ ಆದ್ಮೇಲೆ, ಯಾವ ಕೆಂಪು ಅಕ್ಷರವೂ ಇಲ್ಲ ಅಂತ ನೋಡ್ಕೊಂಡು ಇನ್ನೊಂದ್ಸಲ ಹಾಕ್ಬಹುದು. ಎರಡನೇ ಸಲ ಬಿಟ್ರೆ ಅವತ್ತಿಗೆ ಮುಗೀತು. ವೋಲ್ಟ್ ಮೀಟರ್ ಮಾತ್ರ ಮರೆಯದೆ ನೋಡಿ, ಇಂಜಿನ್ ಓಡ್ತಿರುವಾಗ 28ರ ಆಸುಪಾಸು ಇರ್ಬೇಕಾದದ್ದು 24ಕ್ಕೆ ಇಳಿದಿದ್ರೆ ಆಲ್ಟರ್ನೇಟರ್ ಹೋಗಿದೆ, ಆಟೋಪೈಲಟ್ ನಿಮಗೆ ಅದ್ರ ಸುದ್ದಿ ಕೊಡ್ತಿದೆ, ಲೋಡ್ ಕಡಿಮೆ ಮಾಡಿ ಹತ್ರದ ಏರ್‌ಪೋರ್ಟ್‌ಗೆ ಹೋಗಿ. ಸುಟ್ಟ ವಾಸನೆ ಬಂದ್ರೆ ಇದ್ಯಾವ ಲೆಕ್ಕನೂ ಬೇಡ, ಎಲೆಕ್ಟ್ರಿಕಲ್ ಫೈರ್ ಚೆಕ್‌ಲಿಸ್ಟ್‌ಗೆ ಹೋಗಿ.

ಆಫ್ ಮಾಡಿದ್ ತಕ್ಷಣ ಒಂದ್ಕಡೆ ಬೀಳುತ್ತೆ

ಆಟೋಪೈಲಟ್ ಇಷ್ಟೊತ್ತು ಏನನ್ನೋ ಮುಚ್ಚಿಟ್ಕೊಂಡಿತ್ತು ಅಂತ ಅರ್ಥ. 172ನಲ್ಲಿ ಅದು ರಡರ್‌ನ (ಬಾಲದಲ್ಲಿ ಅತ್ತಿತ್ತ ತಿರುಗೋ ಪಟ್ಟಿ) ಮುಟ್ಟಲ್ಲ, ಕಾಲಿನ ಕೆಲಸ ನಿಮ್ಮದೇ, ಬಾಲ್ (ವಿಮಾನ ಪಕ್ಕಕ್ಕೆ ಜಾರ್ತಿದೆ ಅಂತ ತೋರಿಸೋ ಗುಂಡು) ಪಕ್ಕಕ್ಕೆ ಹೋಗಿದ್ರೂ ಆಟೋಪೈಲಟ್ ಐಲರಾನ್‌ನಲ್ಲಿ (ರೆಕ್ಕೆ ವಾಲಿಸೋ ಪಟ್ಟಿ) ಹೇಗೋ ಸಂಭಾಳಿಸ್ಕೊಂಡು ಹೋಗ್ತಿರುತ್ತೆ, ಬಿಟ್ಟ ಕೂಡ್ಲೇ ವಾಲುತ್ತೆ. ಪೈಪರ್ ಆರ್ಚರ್ ಹಾರಿಸೋರಿಗೆ ಫ್ಯೂಯಲ್ ಇನ್ನೊಂದು ಕಾರಣ, ಅದ್ರಲ್ಲಿ ಎರಡೂ ಟ್ಯಾಂಕ್ ಒಟ್ಟಿಗೆ ಬಳಸೋ ಸೆಲೆಕ್ಟರ್ ಇಲ್ಲ, ಬದ್ಲಾಯಿಸೋಕೆ ಮರೆತ್ರೆ ಒಂದು ರೆಕ್ಕೆ ಭಾರ ಆಗ್ತಾ ಹೋಗುತ್ತೆ, ಕೈಯಲ್ಲಿ ಹಾರಿಸ್ತಿದ್ರೆ ಕೈಗೆ ಗೊತ್ತಾಗ್ತಿತ್ತು. ಆಫ್ ಮಾಡೋ ಮುಂಚೆ ಎರಡೂ ಕಾಲು ಪೆಡಲ್ ಮೇಲೆ, ಒಂದು ಕೈ ಯೋಕ್ ಮೇಲೆ, ಬಾಲ್ ಮಧ್ಯಕ್ಕೆ, ಆಮೇಲೆ ಬಟನ್. ಅಪ್ರೋಚ್‌ನಲ್ಲಿ ಇಳಿಯೋಕೆ ಸ್ವಲ್ಪ ಮುಂಚೆನೇ ಆಫ್ ಮಾಡಿ ಕೈಗೆ ತಗೊಳ್ಳಿ, ಕಟ್ಟಕಡೇ ಎತ್ತರದವರೆಗೂ ಎಳೀಬೇಡಿ. ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರೋ) ಬಟನ್ ಒತ್ತಿದ್ರೆ ಎಷ್ಟೋ 172ನಲ್ಲಿ ಆಟೋಪೈಲಟ್ ಬಿಟ್ಟುಬಿಡುತ್ತೆ, ನಿಮ್ಮ ವಿಮಾನದಲ್ಲಿ ಏನಾಗುತ್ತೆ ಅಂತ ಪಿಓಎಚ್‌ನಲ್ಲಿ ಓದಿ, ಇನ್ಸ್‌ಟ್ರಕ್ಟರ್ ಜೊತೆ ಎತ್ತರದಲ್ಲಿ ಒಂದ್ಸಲ ಮಾಡಿ ನೋಡಿ.

ಸ್ನ್ಯಾಗ್ ಬರೆಯುವಾಗ

"ಆಟೋಪೈಲಟ್ ಕೆಲಸ ಮಾಡ್ತಿಲ್ಲ" ಅಂತ ಬರೆದ್ರೆ ಎಎಂಇ ನೆಲದ ಮೇಲೆ ಆನ್ ಮಾಡಿ ನೋಡ್ತಾರೆ, ಸರಿ ಇರುತ್ತೆ, ಸರಿ ಇದೆ ಅಂತ ಸೈನ್ ಮಾಡ್ತಾರೆ, ನಾಳೆ ಇನ್ಯಾರೋ ಸೋಲೋಗೆ ಹೋಗೋ ಹುಡುಗಿ ಅದೇ ತೊಂದ್ರೆ ಜೊತೆ ಹಾರ್ತಾಳೆ. ಹಾಗಾಗಿ ಪೂರ್ತಿ ಬರೀರಿ. ಮೋಡ್ ಸಾಲಲ್ಲಿ ಏನಿತ್ತು, ಎತ್ತರ, ಸ್ಪೀಡ್, ವೋಲ್ಟ್, ಸಿಡಿಐ ಯಾವುದರ ಮೇಲಿತ್ತು, ಗಾಳಿ ಹೇಗಿತ್ತು, ಎಷ್ಟು ಗಂಟೆಗೆ ಆಯ್ತು, ಆಫ್ ಮಾಡಿದ್ಮೇಲೆ ನಿಂತಿತಾ. ಜೊತೆಗೊಬ್ರು ಇದ್ರೆ ಸ್ಕ್ರೀನ್‌ದು ಒಂದು ಫೋಟೋ ತೆಗೆಯೋಕೆ ಹೇಳಿ, ನೀವು ಹಾರಿಸಿ. ಜಿ1000ನಲ್ಲಿ ಎಸ್‌ಡಿ ಕಾರ್ಡ್ ಇದ್ರೆ ಫ್ಲೈಟ್ ಡೇಟಾ ಅದ್ರಲ್ಲಿ ಉಳಿದಿರುತ್ತೆ, ಟೈಮ್ ಬರೆದಿದ್ರೆ ಎಎಂಇಗೆ ಸರಿಯಾದ ಜಾಗ ಹುಡುಕೋದು ಸುಲಭ. ಟ್ರಿಮ್ ತಾನಾಗೇ ಓಡಿದ್ದು, ಕ್ಲಚ್ ಸೋಲದೇ ಇದ್ದದ್ದು, ಕೆಂಪು ಬಟನ್‌ಗೆ ಬಿಡದೇ ಇದ್ದದ್ದು, ಈ ಮೂರರಲ್ಲಿ ಯಾವುದಾದ್ರೂ ಆಗಿದ್ರೆ ಬ್ರೇಕರ್ ಎಳೆದೇ ಇಟ್ಟು, ಕೀ ಯಾರ ಕೈಗೂ ಕೊಡದೆ, ಎಎಂಇ ಮುಂದೆ ನಿಂತು ಬಾಯಲ್ಲೂ ಹೇಳಿ ಬನ್ನಿ.